ಅನುಲೋಮ ವಿಲೋಮದ ಗೃಹಸ್ಥ

ಮುಂಬಯಿಯ ಕನ್ನಡ ಸಮಾಜದಲ್ಲಿ ಹೋಟೆಲಿನವರು, ಬ್ಯಾಂಕಿನವರು, ಯಕ್ಷಗಾನದ ಹುಚ್ಚಿನವರು, ಸಂಘಗಳ ಪದಾಧಿಕಾರಿಗಳು ಎಂಬ ಹಳೆಯ ವರ್ಗಗಳ ನಡುವೆ ಇತ್ತೀಚಿನ ವರ್ಷಗಳಲ್ಲಿ ಸದ್ದಿಲ್ಲದೆ ತಲೆಯೆತ್ತಿರುವ, ಯಾವ ಸ್ಮರಣ ಸಂಚಿಕೆಯಲ್ಲೂ ಇನ್ನೂ ದಾಖಲಾಗದ ಒಂದು ಹೊಸ ಪ್ರಭೇದವಿದ್ದು, ಬೇರೆ ಹೆಸರು ದೊರೆಯುವವರೆಗೆ ಅದನ್ನು ‘ಕ್ಷೌರಪರೀಕ್ಷಕ’ ಎಂದು ಕರೆಯಬಹುದು. ಈ ವರ್ಗದ ಗೃಹಸ್ಥನು ಸಾಮಾನ್ಯವಾಗಿ ಅರುವತ್ತು ದಾಟಿದವನು. ಮುಲುಂಡ್, ಥಾಣೆ ಅಥವಾ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು ಉಳ್ಳವನು. ಬಹುಮಟ್ಟಿಗೆ ಕರಾವಳಿ ಮೂಲದ ಬ್ಯಾಂಕೊಂದರ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತನಾದವನು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೂ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳೊಳಗೂ ಕರಗಿಹೋದ ಮೇಲೆ, ಶಾಖೆಯಿಂದ ಶಾಖೆಗೆ ಅಲೆದು ತಪ್ಪು ಹುಡುಕುವ ಅವನ ಜೀವಮಾನದ ವಿದ್ಯೆಗೆ ಸ್ವಂತ ಬಚ್ಚಲುಮನೆಯ ಹೊರತು ಬೇರೆ ಕ್ಷೇತ್ರ ಉಳಿಯಲಿಲ್ಲ.

ಸೇವೆಯಲ್ಲಿದ್ದಷ್ಟು ಕಾಲ ಇದೇ ಗೃಹಸ್ಥನ ಕ್ಷೌರವು, ನೊರೆ ಹಚ್ಚುವುದನ್ನೂ ಸೇರಿಸಿ, ನಾಲ್ಕು ನಿಮಿಷ ಮೀರಿದ್ದಿಲ್ಲ, ಏಕೆಂದರೆ ಫಾಸ್ಟ್ ಲೋಕಲ್ ಯಾರ ಗಡ್ಡಕ್ಕೂ ಕಾಯುವುದಿಲ್ಲ. ವಾಸ್ತವವಾಗಿ ಎರಡಂಚಿನ ಸೇಫ್ಟಿ ರೇಜರ್ ಹುಟ್ಟಿದ್ದೇ ಇಂಥ ಅವಸರದವರಿಗಾಗಿ. ಸುಮಾರು 0.1 ಮಿಲಿಮೀಟರ್ ದಪ್ಪದ, ಎರಡು ಕಡೆಯೂ ಹರಿತವಾದ ಬ್ಲೇಡನ್ನು ಮೇಲಿನ ಮುಚ್ಚಳಕ್ಕೂ ಕೆಳಗಿನ ತಟ್ಟೆಗೂ ನಡುವೆ ತುಸು ಬಾಗಿಸಿ ಬಿಗಿದು, ಅಂಚಿನ ತುದಿಯಷ್ಟೇ ಚರ್ಮಕ್ಕೆ ತಾಗುವಂತೆ ಮಾಡಿದ ಈ ಸಾಧನಕ್ಕೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟು ಪಡೆದನು. ಅದರ ಹಿಂದಿನ ವರ್ಷ ಅವನ ಕಂಪನಿ ಮಾರಿದ್ದು 51 ರೇಜರ್ ಮತ್ತು 168 ಬ್ಲೇಡ್ ಮಾತ್ರ. ಮಸೆಯುವ ಗೋಜಿಲ್ಲದೆ, ಸಲೂನಿನವನ ದಾರಿ ಕಾಯದೆ, ಯೋಚಿಸದೆ ಗಡ್ಡ ತೆಗೆದುಕೊಳ್ಳಬೇಕೆಂಬುದೇ ಆ ಸಲಕರಣೆಯ ತತ್ತ್ವವಾಗಿತ್ತು. ಇದೇ ಜಿಲೆಟ್ 1894ರಲ್ಲಿ, ವ್ಯಾಪಾರದ ಪೈಪೋಟಿಯೇ ಇಲ್ಲದ, ಎಲ್ಲ ಉದ್ಯಮವೂ ಒಂದೇ ಸಂಸ್ಥೆಯ ಕೈಯಲ್ಲಿರುವ ಲೋಕವೊಂದನ್ನು ಕನಸಿ ಪುಸ್ತಕ ಬರೆದಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಆ ಕನಸು ಕೈಗೂಡಿದ್ದರೆ ಲೋಕದಲ್ಲಿ ಒಂದೇ ಬಗೆಯ ರೇಜರ್ ಇದ್ದು, ಕ್ಷೌರಪರೀಕ್ಷಕನೆಂಬ ಪ್ರಭೇದವೂ ಇರುತ್ತಿರಲಿಲ್ಲ.

ಪರೀಕ್ಷಕನ ವೃತ್ತಿ ಆರಂಭವಾಗುವುದು ಉಳಿತಾಯದ ಲೆಕ್ಕದಿಂದ. ಮೂರು ರೂಪಾಯಿಯ ಬ್ಲೇಡು ಐದು ಕ್ಷೌರಕ್ಕೆ ಬಂದರೆ ಒಂದಕ್ಕೆ 60 ಪೈಸೆ, ವರ್ಷಕ್ಕೆ 219 ರೂಪಾಯಿ. ಐದಲಗಿನ ದುಬಾರಿ ಕಾರ್ಟ್ರಿಜ್ ಆದರೆ ಇನ್ನೂರರಂತೆ ಇಪ್ಪತ್ತು ಬೇಕು, ವರ್ಷಕ್ಕೆ ನಾಲ್ಕು ಸಾವಿರ. ಆದ್ದರಿಂದ 4,500 ರೂಪಾಯಿ ಕೊಟ್ಟು ಪರದೇಶದ ಲೋಹದ ರೇಜರ್ ತರಿಸಿದರೂ ಸುಮಾರು ಹದಿನಾಲ್ಕು ತಿಂಗಳಲ್ಲಿ ಅಸಲು ಕೈಸೇರುತ್ತದೆ ಎಂದು ಅವನ ನೋಟುಪುಸ್ತಕದ ಮೊದಲ ಪುಟವು ಸಾಧಿಸಿ ತೋರಿಸುತ್ತದೆ. ಈ ಲೆಕ್ಕದಲ್ಲಿ ಕೂಡು ಕಳೆಯುವ ತಪ್ಪು ಒಂದೂ ಇಲ್ಲ. ಇರುವ ದೋಷವೆಂದರೆ ಆ ಗೃಹಸ್ಥನು ಐದಲಗಿನ ಕಾರ್ಟ್ರಿಜನ್ನು ಜನ್ಮದಲ್ಲಿ ಒಮ್ಮೆಯೂ ಕೊಂಡವನಲ್ಲ. 2010ರಲ್ಲಿ ಭಾರತದ ಪೇಟೆಗೆಂದೇ ತಯಾರಾಗಿ 15 ರೂಪಾಯಿಗೆ ಬಂದ ಜಿಲೆಟ್ ಗಾರ್ಡಿನಲ್ಲಿ, ಐದು ರೂಪಾಯಿಯ ಬಿಡಿ ಅಲಗು ಹಾಕಿಕೊಂಡು, ಅದೂ ಮೊಂಡಾಗುವವರೆಗೆ ಎಳೆದವನು. ಎಂದೂ ಖರ್ಚಾಗದ ಹಣವನ್ನು ಉಳಿಸುವ ಈ ಕ್ರಮದಲ್ಲಿ, ಮೊದಲ ರೇಜರಿನ ಹದಿನಾಲ್ಕು ತಿಂಗಳು ತುಂಬುವುದರೊಳಗೆ ಇನ್ನೂ ನಾಲ್ಕು ರೇಜರುಗಳು ಕಪಾಟು ಸೇರುತ್ತವೆ.

ಹೊಸ ರೇಜರ್ ಬಂದ ದಿನ ಅದು ಮುಖಕ್ಕೆ ತಾಗುವುದಿಲ್ಲ. ಮೊದಲು ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಲಾಗುತ್ತದೆ. ಜರ್ಮನಿಯ ಸೋಲಿಂಗೆನ್ನಿನ ಮರ್ಕೂರ್ 34ಸಿ ಎಂಬ ಪ್ರಸಿದ್ಧ ಮಾದರಿಯ ತೂಕ ಸುಮಾರು 77 ಗ್ರಾಂ ಇರುವುದರಿಂದ, ಉಳಿದವುಗಳ ಯೋಗ್ಯತೆಯನ್ನು ಅದಕ್ಕೆ ಹೋಲಿಸಿ ನಿರ್ಣಯಿಸುವುದು ರೂಢಿ. ಬಳಿಕ ‘ಗ್ಯಾಪ್’ನ ಪರೀಕ್ಷೆ. ಗ್ಯಾಪ್ ಎಂದರೆ ಬ್ಲೇಡಿನ ಅಂಚಿಗೂ ಕೆಳತಟ್ಟೆಯ ತುಟಿಗೂ ನಡುವಿನ ಸಂದು. ಅದು ಕೂದಲೆಳೆಯ ಲೆಕ್ಕದ್ದಾದ್ದರಿಂದ, ಅಳೆಯಲು ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಯಿಂದ ಮೆಕ್ಯಾನಿಕರು ಬಳಸುವ ಫೀಲರ್ ಗೇಜನ್ನೇ ತರಲಾಗಿದೆ. ‘ಎಕ್ಸ್‌ಪೋಶರ್’ ಎಂಬುದು ಇನ್ನೊಂದು. ಮುಚ್ಚಳದ ಅಂಚಿನಿಂದ ತಟ್ಟೆಯ ತುಟಿಗೆ ಎಳೆದ ಕಾಲ್ಪನಿಕ ಗೆರೆಯನ್ನು ದಾಟಿ ಬ್ಲೇಡು ಎಷ್ಟು ಮುಂದೆ ಚಾಚಿದೆಯೆಂಬ ಈ ಅಳತೆಯನ್ನು ಮನೆಯಲ್ಲಿ ಅಳೆಯುವ ಉಪಾಯವಿಲ್ಲದ ಕಾರಣ, ಅದರ ವಿಷಯದಲ್ಲಿ ಪರೀಕ್ಷಕನ ಅಭಿಪ್ರಾಯಗಳು ಅತ್ಯಂತ ಖಚಿತವಾಗಿರುತ್ತವೆ. ಕೊನೆಗೆ ಲೋಹದ ವಿಚಾರ. ಸತುವಿಗೆ ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದು ಕ್ರೋಮ್ ಲೇಪಿಸಿದ ‘ಜಮಾಕ್’ ಅಗ್ಗದ್ದು, ಲೇಪ ಒಡೆದಲ್ಲಿ ನೀರು ಹೊಕ್ಕು ಒಳಗಿನ ಸತುವನ್ನು ತಿನ್ನುತ್ತದೆ; ಹಿತ್ತಾಳೆ ಬಾಳುತ್ತದೆ; 316ಎಲ್ ಎಂಬ ಸ್ಟೀಲಿನಲ್ಲಿ ಮಾಲಿಬ್ಡಿನಂ ಇರುವುದರಿಂದ ಅದು ಸಮುದ್ರದ ಉಪ್ಪುನೀರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಸಮುದ್ರವನ್ನು ವರ್ಷಕ್ಕೊಮ್ಮೆ, ಅದೂ ನೆಂಟರು ಬಂದಾಗ, ನೋಡುವ ಡೊಂಬಿವಲಿಯ ಗೃಹಸ್ಥನು ಬಯಸುವುದು ಈ ಮೂರನೆಯದನ್ನೇ.

ಕಾರ್ಯಕ್ಷಮತೆಯ ಪರೀಕ್ಷೆಯಲ್ಲಿ ಮೂರು ಸುತ್ತುಗಳಿವೆ: ಕೂದಲು ಬೆಳೆದ ದಿಕ್ಕಿಗೆ ಒಂದು, ಅಡ್ಡಕ್ಕೆ ಒಂದು, ಎದುರಿಗೆ ಒಂದು. ಇವುಗಳಲ್ಲಿ ಮೊದಲನೆಯದನ್ನು ಅನುಲೋಮವೆಂದೂ ಕೊನೆಯದನ್ನು ವಿಲೋಮವೆಂದೂ ಅವನು ಕರೆಯುತ್ತಾನೆ, ಮತ್ತು ಈ ಒಂದು ವಿಷಯದಲ್ಲಿ ಅವನ ಪಾಂಡಿತ್ಯವನ್ನು ಒಪ್ಪಲೇಬೇಕು: ಲೋಮವೆಂದರೆ ಮೈಗೂದಲು, ಕೂದಲಿನ ದಾರಿಗೆ ಅನುಗುಣವಾದದ್ದು ಅನುಲೋಮ, ವಿರುದ್ಧವಾದದ್ದು ವಿಲೋಮ. ಪಾರ್ಕಿನಲ್ಲಿ ಬೆಳಗ್ಗೆ ಮೂಗು ಒತ್ತಿ ಹಿಡಿದು ಕುಳಿತವರಿಗಿಂತ ಆ ಶಬ್ದಗಳ ಧಾತ್ವರ್ಥಕ್ಕೆ ತಾನೇ ಹತ್ತಿರವೆಂಬ ಅವನ ವಾದಕ್ಕೆ ಯೋಗ ಶಿಕ್ಷಕರು ಉತ್ತರ ಕೊಟ್ಟಂತಿಲ್ಲ. ಎರಡು ರೇಜರುಗಳ ತುಲನೆ ಬೇಕಾದಾಗ ಎಡಗೆನ್ನೆಯನ್ನು ಒಂದಕ್ಕೂ ಬಲಗೆನ್ನೆಯನ್ನು ಇನ್ನೊಂದಕ್ಕೂ ವಹಿಸಿ, ಯಾವುದು ಹೆಚ್ಚು ನುಣುಪೆಂದು ಹೇಳಲು ಹೆಂಡತಿಯನ್ನು ಕರೆಯಲಾಗುತ್ತದೆ. “ಎರಡೂ ಕಡೆ ಮುಖ ನಿಮ್ಮದೇ ಅಲ್ವೇನ್ರೀ, ಬೇಗ ಹೊರಗೆ ಬನ್ನಿ, ನೀರು ಹೋಗ್ತದೆ” ಎಂಬ ಆಕೆಯ ತೀರ್ಪು ‘ಫಲಿತಾಂಶ ಅನಿರ್ಣೀತ’ ಎಂದು ನೋಟುಪುಸ್ತಕದಲ್ಲಿ ದಾಖಲಾಗುತ್ತದೆ.

ಆ ನೀರಿನ ಮಾತನ್ನು ಅವನು ಕಿವಿಗೊಟ್ಟು ಕೇಳಬೇಕಾಗಿತ್ತು. ಮುಂಬಯಿ ಮಹಾನಗರಪಾಲಿಕೆ ವೈತರಣಾ, ಭಾತ್ಸಾ, ತಾನ್ಸಾ ಮೊದಲಾದ ಏಳು ಜಲಾಶಯಗಳಿಂದ ತರುವ ನೀರು ಮಳೆಯ ನೀರಾದ್ದರಿಂದ ಮೆದು. ಅದರಲ್ಲಿ ಸಾಬೂನು ಮೊಸರಿನಂತೆ ಗಟ್ಟಿ ನೊರೆ ಕಟ್ಟುತ್ತದೆ, ಆ ನೊರೆಯಲ್ಲಿ ಎಂಥ ರೇಜರೂ ಜಾರುತ್ತದೆ. ಬೇಸಿಗೆಯಲ್ಲಿ ಸೊಸೈಟಿಯ ಟ್ಯಾಂಕಿಗೆ ಟ್ಯಾಂಕರಿನ ಬೋರ್‌ವೆಲ್ ನೀರು ಬಿದ್ದರೆ ಅದರ ಸುಣ್ಣದ ಅಂಶಕ್ಕೆ ಸಾಬೂನು ಒಡೆದು, ನೊರೆ ತೆಳ್ಳಗಾಗಿ, ಬ್ಲೇಡು ಒಣಚರ್ಮದ ಮೇಲೆ ತೆಂಗಿನಕಾಯಿ ತುರಿದ ಸದ್ದು ಮಾಡುತ್ತದೆ. ಮೇ ತಿಂಗಳಲ್ಲಿ ಪರೀಕ್ಷೆಗೆ ಬಂದ ರೇಜರುಗಳೆಲ್ಲ ಹತ್ತಕ್ಕೆ ನಾಲ್ಕರ ಮೇಲೆ ಅಂಕ ಪಡೆಯದಿರುವುದಕ್ಕೂ, ಜುಲೈಯಲ್ಲಿ ಬಂದವು ಎಂಟಕ್ಕೆ ಕಡಿಮೆಯಾಗದಿರುವುದಕ್ಕೂ ಇದೇ ಕಾರಣ. ನೋಟುಪುಸ್ತಕದಲ್ಲಿ ಬ್ರಶ್ಶಿನ ಕೂದಲಿಗೆ, ಹಿಡಿಯ ಉದ್ದಕ್ಕೆ, ಹಿಂದಿನ ರಾತ್ರಿಯ ನಿದ್ದೆಗೆ ಒಂದೊಂದು ಕಾಲಂ ಇದೆ, ಟ್ಯಾಂಕರಿಗೆ ಇಲ್ಲ. ಒಂದು ಇಡೀ ದೇಶದ ರೇಜರ್ ಉದ್ಯಮದ ಮೇಲೆ ಅವನು ಬರೆದ ಕಟುಷರಾ, ಸೊಸೈಟಿಯ ಸೆಕ್ರೆಟರಿ ಲಿಫ್ಟಿನ ಪಕ್ಕ ಅಂಟಿಸಿದ ಎರಡು ಸಾಲಿನ ನೋಟೀಸನ್ನು ಓದಿದ್ದರೆ ಅಳಿಸಿಹೋಗುತ್ತಿತ್ತು.

ಬ್ಲೇಡಿನ ವಿಷಯದಲ್ಲಿ ಅವನ ಪಕ್ಷಪಾತ ಇನ್ನೂ ಸ್ಪಷ್ಟ. ಸೂಪರ್‌ಮ್ಯಾಕ್ಸ್ ಬ್ಲೇಡುಗಳು ಹಲವು ದಶಕ ತಯಾರಾದದ್ದು ಅವನ ಮನೆಗೆ ರಿಕ್ಷಾದ ದೂರದಲ್ಲಿರುವ ಥಾಣೆಯ ವಾಗ್ಲೆ ಎಸ್ಟೇಟಿನಲ್ಲಿ. ಅವನು ತರಿಸುವುದು ಜಪಾನಿನ ಫೆದರ್. ಅವನ ತಂದೆ ಊರಿನಲ್ಲಿ ಒಂದೇ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಉಜ್ಜಿ ಉಜ್ಜಿ ತಿಂಗಳು ನಡೆಸಿ, ಆಮೇಲೆ ಅದನ್ನು ಮಕ್ಕಳ ಪೆನ್ಸಿಲಿಗೆ ಕೊಟ್ಟ ಕಾಲವು ಈಗ ಬರಿಯ ಪುರಾಣ. 2020ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿಗಳು, ಉಕ್ಕಿಗಿಂತ ಐವತ್ತು ಪಟ್ಟು ಮೆದುವಾದ ಕೂದಲು ಓರೆಯಾಗಿ ಬಾಗಿ ತಾಗಿದಾಗ ಬ್ಲೇಡಿನ ಅಂಚು ಸಣ್ಣದಾಗಿ ಚಕ್ಕೆ ಏಳುತ್ತದೆಂದು ತೋರಿಸಿದ್ದನ್ನು ಅವನು ಬಲ್ಲ. ಫೆದರ್ ಎರಡೇ ದಿನದಲ್ಲಿ ಮೊಂಡಾದಾಗ ಆ ಸಂಶೋಧನೆಯನ್ನು ಮನೆಯವರಿಗೆ ಸವಿಸ್ತಾರವಾಗಿ ವಿವರಿಸಿಯೂ ಇದ್ದಾನೆ. ಆ ಬ್ಲೇಡಿನಿಂದ ಹಿಂದಿನ ಮಧ್ಯಾಹ್ನ ಸೀರೆಯ ಹಳೆಯ ಫಾಲ್ ಬಿಚ್ಚಿದಾಕೆ ಆ ವಿವರಣೆಯನ್ನು ಕೊನೆಯವರೆಗೂ ಗಂಭೀರವಾಗಿ ಆಲಿಸಿದಳು.

ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿ ಉಪನ್ಯಾಸ ಕೇಳುವಾಗಲೂ ಅವನ ದೃಷ್ಟಿ ನೆಟ್ಟಿರುವುದು ಉಪನ್ಯಾಸಕರ ಗದ್ದದ ಕೆಳಗೆ, ವಿಲೋಮ ಸುತ್ತು ತಪ್ಪಿದವರಲ್ಲಿ ನಾಲ್ಕು ಕೂದಲು ಉಳಿಯುವ ಜಾಗದ ಮೇಲೆ. ಆದರೆ ಇಷ್ಟೆಲ್ಲ ಶ್ರಮಕ್ಕೆ ಅವನು ಕೊಡುವ ಅಂತಿಮ ಸಮರ್ಥನೆ ಸ್ವಂತ ಮುಖದ್ದಲ್ಲ, ವಂಶದ್ದು: ಸ್ಟೀಲಿನ ರೇಜರ್ ನೂರು ವರ್ಷ ಬಾಳುತ್ತದೆ, ಮಗನಿಗೆ ಬರುತ್ತದೆ, ಮೊಮ್ಮಗನಿಗೂ ಬರುತ್ತದೆ. ಪವಾಯಿಯ ಕಂಪನಿಯೊಂದರಲ್ಲಿ ದುಡಿಯುವ ಆ ಮಗನಿಗೆ ಎದೆ ಮುಟ್ಟುವಷ್ಟಲ್ಲದಿದ್ದರೂ ಕಾಲರ್ ಮುಚ್ಚುವಷ್ಟು ಗಡ್ಡವಿದೆ, ಮತ್ತು ಅದನ್ನು ತೆಗೆಯುವ ಯಾವ ಲಕ್ಷಣವೂ ಅವನಲ್ಲಿಲ್ಲ. ವಾರಕ್ಕೊಮ್ಮೆ ಅಂಚು ಸಮಮಾಡಿಕೊಳ್ಳಲು ಅವನು ಬಳಸುವುದು ಕರೆಂಟಿನ ಟ್ರಿಮ್ಮರ್. ಪರೀಕ್ಷಕನು ಅದನ್ನು ಎಲ್ಲರೆದುರು ಹುಲ್ಲು ಕತ್ತರಿಸುವ ಯಂತ್ರವೆಂದು ಕರೆಯುತ್ತಾನೆ. ಭಾನುವಾರ ಮಗ ಸ್ನಾನಕ್ಕೆ ಹೋದ ಹೊತ್ತು ನೋಡಿ, ಚಾರ್ಜಿಗೆ ಇಟ್ಟಿದ್ದನ್ನು ಮೆಲ್ಲಗೆ ಬಿಡಿಸಿ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಎರಡು ಬಾರಿ ತೂಗಿ, ನೋಟುಪುಸ್ತಕದಲ್ಲಿ ಹೊಸ ಪುಟ ತೆರೆದು ತಾರೀಖು ಹಾಕುತ್ತಾನೆ.