ಕರೆಂಟ್ ಮೇಷ್ಟ್ರು

ಪ್ರತಿ ಫಿಸಿಯೊಥೆರಪಿ ಕ್ಲಿನಿಕ್ಕಿಗೂ ಒಬ್ಬ ಕರೆಂಟ್ ಮೇಷ್ಟ್ರು ಇರುತ್ತಾರೆ. ಮೈಸೂರಿನ ನಮ್ಮ ಬಡಾವಣೆಯ ಪಾಲಿಗೆ ಬಂದವರು ನಿವೃತ್ತ ಗಣಿತದ ಮೇಷ್ಟ್ರು. ಮಂಡಿ ಸವೆದಿದೆ, ಎಕ್ಸ್‌ರೇ ಕವರನ್ನು ಮದುವೆ ಆಲ್ಬಮ್ಮಿನ ಹಾಗೆ ಕಂಡವರಿಗೆಲ್ಲ ಬಿಚ್ಚಿ ತೋರಿಸುತ್ತಾರೆ.

ಬಂದ ಕೂಡಲೇ ಫಿಸಿಯೊಥೆರಪಿ ಡಾಕ್ಟರಮ್ಮನಿಗೆ ಅಪ್ಪಣೆ: “ಏನಮ್ಮಾ, ಇವತ್ತು ಕರೆಂಟು ಸ್ವಲ್ಪ ಜಾಸ್ತಿ ಇಡು.”

ಮಂಡಿಗೆ ಪ್ಯಾಡ್ ಅಂಟಿಸಿ ಯಂತ್ರ ಹಾಕಿದರೆ ಮೇಷ್ಟ್ರು ಕಣ್ಣುಮುಚ್ಚಿ ಕೈಮುಗಿಯುವುದೊಂದು ಬಾಕಿ. ಜುಮ್ಮೆಂದಷ್ಟೂ ನೋವು ಹೊರಟಿತೆಂದು ಲೆಕ್ಕ.

“ಸರ್, ಕರೆಂಟಿಂದ ನೋವು ಸ್ವಲ್ಪ ಹೊತ್ತು ತಗ್ಗಬಹುದು, ಅಷ್ಟೆ. ತೊಡೆಯ ಸ್ನಾಯು ಗಟ್ಟಿಯಾದ್ರೇನೇ ಮಂಡಿಗೆ ಆಸರೆ. ಮನೇಲಿ ವ್ಯಾಯಾಮ ಮಾಡಿದ್ರಾ?”

ಜೀವಮಾನವೆಲ್ಲ ಮಕ್ಕಳ ಹೋಂವರ್ಕ್ ತಿದ್ದಿದವರು ತಲೆ ಕೆರೆದುಕೊಳ್ಳುತ್ತಾರೆ. ಸೋಮವಾರ ನೆಂಟರು ಬಂದಿದ್ದರು. ಮಂಗಳವಾರ ಮಂಡಿ ಕೆಳಗಿಡಲು ಸುತ್ತಿದ ಟವೆಲ್ ಬೇಕಲ್ಲ, ಅದು ಒಣಗಿರಲಿಲ್ಲ. ಬುಧವಾರ ಮಾತ್ರ ಮನಸ್ಸಿನಲ್ಲೇ ಮಾಡಿಕೊಂಡರಂತೆ! ಮನಸ್ಸಿನಲ್ಲೇ ಮಂಡಿಗೆ ತಿನ್ನುವವರನ್ನು ಕಂಡಿದ್ದೇವೆ. ಮನಸ್ಸಿನಲ್ಲೇ ಮಂಡಿ ಮಡಚುವವರು ಇವರೊಬ್ಬರೇ.

“0ಯಿಂದ 10ರೊಳಗೆ ನೋವು ಎಷ್ಟು, ಸರ್?”

ಈ ಪ್ರಶ್ನೆಗೆ ಅವರ ಉತ್ತರ ಕೇಳಿದವರನ್ನು ಅವಲಂಬಿಸಿದೆ. ಡಾಕ್ಟರಿಗೆ 8. ಹೆಂಡತಿ ಕರಿಬೇವು ತರಲು ಹೇಳಿದರೆ 10. ಸ್ನೇಹಿತರು ಇಸ್ಪೀಟಿಗೆ ಕರೆದರೆ 2, ಅದೂ ಚಪ್ಪಲಿ ಹಾಕಿಕೊಳ್ಳುವಾಗ ಮಾತ್ರ. ನಡೆದರೆ ಮಂಡಿ ಇನ್ನಷ್ಟು ಸವೆಯುತ್ತದೆಂದು ಯಾರೋ ಹೇಳಿದ್ದಾರೆ. ಆದ್ದರಿಂದ ಉಳಿದ ಹೊತ್ತೆಲ್ಲ ಕುರ್ಚಿಯೇ ಗತಿ. ಕೂತು ಕೂತು ಮಂಡಿ ಬಿಗಿಯುತ್ತದೆ. ಬಿಗಿದದ್ದಕ್ಕೆ ಮತ್ತೆ ಕರೆಂಟು.

ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಗೆ ಸುಮಾರು 4 ಕಿಲೋ ಭಾರ ಕಡಿಮೆಯಾಗುತ್ತದೆಂದು ಡಾಕ್ಟರಮ್ಮ ಹೇಳಿದ ದಿನ ಮೇಷ್ಟ್ರು ಹಿಗ್ಗಿಹೋದರು. “5 ಕಿಲೋ ಇಳಿದ್ರೆ 20 ಕಿಲೋ ಉಳಿತಾಯ! ಎಂಥಾ ಬಡ್ಡಿ!” ಆ ಸಂತೋಷಕ್ಕೆ ದಾರಿಯಲ್ಲೇ ಒಂದು ಬೆಣ್ಣೆ ಮಸಾಲೆ.

ಸ್ನಾಯು ಬಲವಾಗಲು ದಿನವೂ ಮಾಡಿದರೂ 6ರಿಂದ 12 ವಾರ ಬೇಕೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮೇಷ್ಟ್ರು ಮೂರನೇ ದಿನವೇ ರಿಸಲ್ಟ್ ಕೇಳಿದರು.

ಜೊತೆಗೆ ಬಂದು ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದ ಅವರ ಹೆಂಡತಿಗೂ ಮಂಡಿನೋವಿತ್ತು. ಡಾಕ್ಟರಮ್ಮನನ್ನು ಕೇಳಿ ಅದೇ ವ್ಯಾಯಾಮ ಕಲಿತರು. ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತು, ದಿನವೂ ತಪ್ಪದೆ ಮಾಡಿದರು. ಮೂರು ತಿಂಗಳಲ್ಲಿ ತಾರಸಿಗೆ ಹಪ್ಪಳ ಒಣಗಿಸಲು ಕಂಬಿ ಹಿಡಿಯದೆ ಹತ್ತತೊಡಗಿದರು.

ಮೇಷ್ಟ್ರು ಬೀದಿಗೆಲ್ಲ ಸಾರಿದರು: “ಎಂಥಾ ಪವರ್‌ಫುಲ್ ಮೆಷಿನ್ನು ನೋಡ್ರಿ! ಪಕ್ಕದಲ್ಲಿ ಸುಮ್ಮನೆ ಕೂತಿದ್ದೋಳಿಗೂ ವಾಸಿ ಮಾಡ್ತು!”