ಪಿನ್‌ಕೋಡ್ ಸಾಮ್ರಾಜ್ಯ

ಸಂಜೆ ಏಳಕ್ಕೆ ಅತ್ತಿಗುಪ್ಪೆಯ ಮನೆಯೊಂದರ ಟಿವಿಯಲ್ಲಿ ಸೊಸೆ ಪಾಯಸಕ್ಕೆ ವಿಷ ಬೆರೆಸುತ್ತಾಳೆ. ಯಜಮಾನರಿಗೆ ಅಸಹ್ಯ. ‘ಇಂಥದ್ದನ್ನೆಲ್ಲ ಅದು ಹೇಗೆ ನೋಡ್ತೀರೋ’ ಎಂದು ರೂಮು ಸೇರಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಅಲ್ಲಿ ರಾಣಿಯೊಬ್ಬಳು ವೈನಿಗೆ ವಿಷ ಬೆರೆಸುತ್ತಿರುತ್ತಾಳೆ. ಅದು ಇತಿಹಾಸ.

ವ್ಯತ್ಯಾಸ ಇಲ್ಲವೆಂದಲ್ಲ. ಧಾರಾವಾಹಿಯ ಸೊಸೆ ಮಲಗುವಾಗಲೂ ರೇಷ್ಮೆ ಸೀರೆ ಬಿಚ್ಚುವುದಿಲ್ಲ. ರಾಣಿಗೆ ಆ ಸಂಕೋಚವಿಲ್ಲ. ಜ್ಞಾನಾರ್ಜನೆ ಅಂದಮೇಲೆ ಏನನ್ನೂ ಮುಚ್ಚಿಡಬಾರದು ನೋಡಿ.

‘ದಿ ಕ್ರೌನ್’ನ ಆರೂ ಸೀಸನ್ ಮುಗಿಸಿದ ಇವರಿಗೆ ಸ್ವಂತ ಬೀಗರಿಗಿಂತ ಲಂಡನ್ನಿನ ಅರಮನೆಯ ಬೀಗರೇ ಹತ್ತಿರದವರು. 2024ರಲ್ಲಿ ‘ಶೋಗನ್’ 18 ಎಮ್ಮಿ ಬಾಚಿಕೊಂಡ ಮೇಲಂತೂ ಮಾರುತಿ ಮಂದಿರದ ಬಳಿ ಬೈಟೂ ಕಾಫಿ ಹಿಡಿದು ಜಪಾನಿನ ರಾಜಪ್ರತಿನಿಧಿಗಳ ಒಳಸಂಚು ಬಿಡಿಸಿ ಹೇಳುತ್ತಾರೆ. ಇರುವ ಬಡಾವಣೆ ವಿಜಯನಗರ, ಪಕ್ಕದ್ದು ಹಂಪಿನಗರ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ ಎಂದರೆ, ‘ಇಲ್ಲಾರೀ, 560040’ ಎಂದು ತಿದ್ದುತ್ತಾರೆ.

ನಮ್ಮಲ್ಲೂ ಇಂಥ ಸರಣಿಗೆ ಸರಕಿಗೇನೂ ಬರವಿಲ್ಲ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟದ್ದನ್ನು ಕೇಳಿ. ಸಾಯುವ ಮುನ್ನ ಅಣ್ಣ, ತಮ್ಮ ಕೃಷ್ಣನ ಕಣ್ಣು ಕೀಳಿಸಲು ಆಜ್ಞಾಪಿಸುತ್ತಾನೆ. ಮಂತ್ರಿ ತಿಮ್ಮರಸ ಮೇಕೆಯ ಕಣ್ಣು ತಂದು ತೋರಿಸಿ ಹುಡುಗನನ್ನು ಉಳಿಸಿಕೊಳ್ಳುತ್ತಾನೆ. ಮುಂದೆ ರಾಯನಾದ ಅದೇ ಹುಡುಗ, ಮಗನಿಗೆ ವಿಷವಿಕ್ಕಿದ ಗುಮಾನಿಯ ಮೇಲೆ ಅದೇ ಮಂತ್ರಿಯ ಕಣ್ಣು ಕೀಳಿಸುತ್ತಾನೆ. ನೂನಿಜ್‌ನದು ಕೇಳಿದ ಕಥೆ, ಚರಿತ್ರಕಾರರ ತಕರಾರು ಇದ್ದೇ ಇದೆ. ಆದರೆ ಸೀಸನ್ ಒಂದು, ಸೀಸನ್ ಎರಡು ಎಂದು ಅವನೇ ಭಾಗ ಮಾಡಿಟ್ಟಂತಿದೆ.

ತೆಗೆಯುವವರು ಯಾರು? ದುಡ್ಡಿಲ್ಲ ಎನ್ನುವುದು ನೆಪ. ಜಪಾನಿನ ಟೊಕುಗಾವ ಅಭಿಮಾನಿ ಬಳಗ ಕೆಂಗೇರಿಯಲ್ಲಿಲ್ಲ, ವಿಂಡ್ಸರ್ ಕುಲಬಾಂಧವರು ಹಾವನೂರು ವೃತ್ತದಲ್ಲಿ ಟೈರು ಸುಡುವುದಿಲ್ಲ. ಪರದೇಶದ ರಾಜ ಹೇಡಿಯೂ ಆಗಬಹುದು, ಲಂಪಟನೂ ಆಗಬಹುದು. ನೋಡುವವರಿಗೆ ಮಜಾ ಇರುವುದೇ ಅಲ್ಲಿ. ನಮ್ಮವರು ಹಾಗಾಗುವಂತಿಲ್ಲ. ದೂರದರ್ಶನದಲ್ಲಿ 1990ರಲ್ಲಿ ಬಂದ ಟಿಪ್ಪು ಧಾರಾವಾಹಿ ‘ಇದು ಕಲ್ಪಿತ ಕಥೆ’ ಎಂಬ ಸೂಚನೆ ಹೊತ್ತೇ ಪ್ರಸಾರವಾಗಬೇಕಾಯಿತು. ಇನ್ನು ಮಯೂರ, ಪುಲಿಕೇಶಿ, ಕೃಷ್ಣದೇವರಾಯ ಮೂವರಿಗೂ ನಮ್ಮ ಮನಸ್ಸಿನಲ್ಲಿರುವುದು ಒಂದೇ ಮೂಗು. ಆ ಮೂಗಿಗೆ ಮಸಿ ಬಳಿದು ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಓಡಾಡಬಲ್ಲ ನಿರ್ದೇಶಕ ಇನ್ನೂ ಹುಟ್ಟಿಲ್ಲ.

ಯಾರೋ ಧೈರ್ಯ ಮಾಡಿದರೆಂದೇ ಇಟ್ಟುಕೊಳ್ಳಿ. ಮೊದಲ ಸಂಘ ಬಂದು ವಿಷ ತೆಗೆಸಿ ಅಜೀರ್ಣ ಮಾಡಿಸುತ್ತದೆ. ಎರಡನೆಯದು ಅಣ್ಣನ ದುರಾಜ್ಞೆಯನ್ನು ಆಶೀರ್ವಾದವಾಗಿಸುತ್ತದೆ. ಪ್ರಾಣಿದಯೆಯವರು ಮೇಕೆಯನ್ನು ಬಿಡಿಸಿಕೊಂಡು ಹೋಗುತ್ತಾರೆ. ಕೊನೆಯ ಕಂತಿನಲ್ಲಿ ರಾಯ ವೃದ್ಧ ಮಂತ್ರಿಯ ಕೈಹಿಡಿದು ಉಚಿತ ನೇತ್ರ ತಪಾಸಣಾ ಶಿಬಿರಕ್ಕೆ ಕರೆತರುತ್ತಾನೆ. ಹಿಂದೆ ಫ್ಲೆಕ್ಸು, ಅದರಲ್ಲಿ ಕೈಮುಗಿದು ನಿಂತವರು ಸ್ಥಳೀಯ ಶಾಸಕರು.