ಕೆಂಬಾಳೆ–ಭೂಮಂಡಲ ವ್ಯಾಜ್ಯ ನಿರ್ಣಯ

ವಿಷಯ: ಬೀಳುವ ಹಣ್ಣು ಮತ್ತು ಅದನ್ನು ಬೀಳಿಸಿಕೊಳ್ಳುವ ಭೂಮಿ. ಪ್ರಯೋಜನ: ಹಣ್ಣಿಗೆ ನ್ಯಾಯ. ಅಧಿಕಾರಿ: ಕಲಬುರಗಿಯಿಂದ ಹುಮನಾಬಾದ ಕಡೆಗೆ ಹೋಗುವಾಗ ಕಮಲಾಪುರದಲ್ಲಿ ಒಮ್ಮೆಯಾದರೂ ಗಾಡಿ ನಿಲ್ಲಿಸಿ ಕೆಂಬಾಳೆ ಕೊಂಡವರು. ಸಂಬಂಧ: ಅದನ್ನು ಮುಂದೆ ವಿಚಾರಿಸಲಾಗುವುದು. ಶಾಸ್ತ್ರಗ್ರಂಥವೆಂದ ಮೇಲೆ ಈ ನಾಲ್ಕನ್ನು ಮೊದಲೇ ಹೇಳಬೇಕು, ಹೇಳಿಯಾಯಿತು.

ಪೂರ್ವಪಕ್ಷ ಹೀಗಿದೆ. ಗೊನೆಯಿಂದ ಕಳಚಿದ ಹಣ್ಣು ಕೆಳಗೆ ಬರುತ್ತದೆ; ಭೂಮಿ ಮೇಲೆದ್ದದ್ದನ್ನು ಕಂಡವರಿಲ್ಲ; ಆದ್ದರಿಂದ ಭೂಮಿ ಜಗ್ಗುತ್ತದೆ, ಹಣ್ಣು ಜಗ್ಗಿಸಿಕೊಳ್ಳುತ್ತದೆ. ಈ ಪಕ್ಷಕ್ಕೆ ದೊಡ್ಡವರ ಬೆಂಬಲವೂ ಉಂಟು. ವಿಜಯಪುರ ಜಿಲ್ಲೆಯ ಬಿಜ್ಜರಗಿಯವರೆಂದು ನಮ್ಮ ಕಡೆ ಅಭಿಮಾನದಿಂದ ಹೇಳಿಕೊಳ್ಳುವ ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಭೂಮಿಗೆ ಆಕರ್ಷಣಶಕ್ತಿಯಿದೆ ಎಂದರು. ಸುತ್ತಲೂ ಸಮನಾದ ಆಕಾಶವಿರುವಾಗ ಭೂಮಿ ತಾನು ಎಲ್ಲಿಗೆ ಬಿದ್ದೀತು ಎಂದೂ ಕೇಳಿದರು. ಘನವಾದ ಪ್ರಶ್ನೆ. ಆದರೆ ಅಲ್ಲಿ ದಾಖಲಾದದ್ದು ಭೂಮಿಯ ಹೇಳಿಕೆ ಮಾತ್ರ. ಹಣ್ಣಿನ ಅಹವಾಲು ಕಡತ ಸೇರಲು 1687ರಲ್ಲಿ ನ್ಯೂಟನ್ ಬರಬೇಕಾಯಿತು. ಐನೂರು ವರ್ಷಕ್ಕೂ ಮಿಕ್ಕಿ ಬಾಕಿ ಉಳಿದ ಪ್ರಕರಣ. ವಾಯಿದೆ ಮೇಲೆ ವಾಯಿದೆ ಕಂಡವರಿಗೆ ಇದೇನು ಆಶ್ಚರ್ಯವಲ್ಲ.

ಈಗ ಸಿದ್ಧಾಂತ. ಹಣ್ಣಿನ ತೂಕ 150 ಗ್ರಾಂ ಎನ್ನೋಣ. ಭೂಮಿ ಅದನ್ನು ಸುಮಾರು ಒಂದೂವರೆ ನ್ಯೂಟನ್ ಬಲದಿಂದ ಜಗ್ಗುತ್ತದೆ. ಹಣ್ಣು ಭೂಮಿಯನ್ನು ಜಗ್ಗುವುದೂ ಅದೇ ಒಂದೂವರೆ ನ್ಯೂಟನ್. ಗುಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಲ ಸಮ, ಮೈ ಮಾತ್ರ ಸಮವಲ್ಲ: ಭೂಮಿಯ ದ್ರವ್ಯರಾಶಿ ಆರರ ಮುಂದೆ 24 ಸೊನ್ನೆ ಹಾಕಿದಷ್ಟು ಕಿಲೋ. ಹತ್ತು ಮೀಟರ್ ಎತ್ತರದಿಂದ ಬಿಟ್ಟ ಹಣ್ಣು ಒಂದೂವರೆ ಸೆಕೆಂಡಿನೊಳಗೆ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಅಷ್ಟರಲ್ಲಿ ಭೂಮಿಯೂ ಎದುರು ಬಂದಿರುತ್ತದೆ. ಎಷ್ಟು? ಒಂದು ಪ್ರೋಟಾನಿನ ಅಗಲವನ್ನು ಸುಮಾರು 700 ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಬೀಗರು ಬಾಗಿಲಿಗೆ ಬಂದಾಗ ಲೋಡಿಗೆ ಒರಗಿದಲ್ಲಿಂದಲೇ ತುಸು ಮಿಸುಕಿ ‘ಬರ್ರಿ, ಬರ್ರಿ’ ಎನ್ನುವ ಯಜಮಾನರ ಹಾಗೆ. ಎದ್ದಿಲ್ಲ ಎನ್ನುವಂತಿಲ್ಲ, ಎದ್ದರು ಎನ್ನಲೂ ಆಗದು.

ಈ ಸಿದ್ಧಾಂತವನ್ನು ಕಮಲಾಪುರದಲ್ಲಿ ಹಣ್ಣು ಮಾರುವವರೊಬ್ಬರ ಮುಂದೆ ಮಂಡಿಸಲಾಯಿತು.

“ಕಾಕಾ, ಈ ಹಣ್ಣು ಭೂಮಿನ ಜಗ್ತದ, ಗೊತ್ತದೇನ್ರಿ?”

“ಜಗ್ಲಿ ಬಿಡ್ರಿ. ಡಜನ್ ಕಟ್ಲೇನು, ಅರ್ಧ ಡಜನ್ನಾ?”

ಪಾಮರರು ಇದನ್ನು ಉಪೇಕ್ಷೆ ಎಂದುಕೊಂಡಾರು. ವ್ಯಾಖ್ಯಾನಕಾರರಿಗೆ ಇದರಲ್ಲಿ ಗೂಢಾರ್ಥ ಕಾಣುತ್ತದೆ. ತೂಕವೆನ್ನುವುದು ಹಣ್ಣಿಗೂ ಭೂಮಿಗೂ ನಡುವಿನ ವ್ಯವಹಾರ. ಸ್ಪ್ರಿಂಗ್ ತಕ್ಕಡಿ ಚಂದ್ರನ ಮೇಲೆ ಅದೇ ಹಣ್ಣಿಗೆ ಆರನೆಯ ಒಂದು ಪಾಲು ತೂಕ ತೋರಿಸೀತು, ಕಾಕಾಗೆ ನಷ್ಟ. ಡಜನ್ ಎಂದರೆ ಚಂದ್ರನ ಮೇಲೂ ಹನ್ನೆರಡೇ. ಒಂದೂವರೆ ವರ್ಷ ಕಾದು ಗೊನೆ ಕಡಿಯುವವರ ಸರಕನ್ನು ಗ್ರಹಕ್ಕೊಂದು ದರದಲ್ಲಿ ಕೊಡಲಾದೀತೇ?

ಸಂಬಂಧವಿಚಾರಕ್ಕೆ ಬಂದರೆ ನಮ್ಮ ಮರತೂರಿನ ವಿಜ್ಞಾನೇಶ್ವರರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂದೇ ಶರೀರದ ಅಂಶ ಹಂಚಿಕೊಂಡವರು ಸಪಿಂಡರು ಎಂದು ಮಿತಾಕ್ಷರಾ ಹೇಳುತ್ತದೆ. ಹಾಗೆ ಹಿಡಿದು ಹೊರಟರೆ ಅನಾದಿಯಾದ ಈ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ನೆಂಟರಾಗುತ್ತಾರೆಂಬ ತೊಡಕು ಕಂಡು, ತಂದೆ ಕಡೆ ಏಳು, ತಾಯಿ ಕಡೆ ಐದು ತಲೆಮಾರಿಗೆ ಗೆರೆ ಎಳೆಯುತ್ತದೆ. ಗುರುತ್ವಕ್ಕೆ ಈ ಗೆರೆ ಎಳೆದವರಿಲ್ಲ. ದೂರ ಎರಡು ಪಟ್ಟಾದರೆ ಸೆಳೆತ ಕಾಲುಭಾಗ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗ. ಪೂರ್ತಿ ಹರಿದುಹೋಗುವ ಮಾತೇ ಇಲ್ಲ. ಕಲಬುರಗಿಯ ನೆಹರು ಗಂಜಿನಲ್ಲಿ ಒಂದೊಂದು ಕ್ವಿಂಟಲಿನ ಎರಡು ತೊಗರಿ ಚೀಲ ಒಂದು ಮೀಟರ್ ಅಂತರದಲ್ಲಿಟ್ಟರೆ ಅವೂ ಪರಸ್ಪರ ಜಗ್ಗಾಡುತ್ತವೆ, ಒಂದು ತೊಗರಿ ಕಾಳಿನ ಭಾರದ ಸುಮಾರು ಒಂದೂವರೆ ಸಾವಿರದಲ್ಲೊಂದು ಪಾಲಿನಷ್ಟು. 1798ರಲ್ಲಿ ಕ್ಯಾವೆಂಡಿಷ್ ಇಂಥ ಸೆಳೆತವನ್ನು ಸೀಸದ ಗುಂಡುಗಳಿಂದ ಅಳೆದರು. ತೊಗರಿ ಬಳಸದಿದ್ದುದು ಜಾಣತನ. ಇಲಿಗಳಿಂದ ಲೆಕ್ಕ ಕೆಡುತ್ತಿತ್ತು.

ಶನಿಯ ವಿಚಾರವನ್ನೂ ಇಲ್ಲೇ ಮುಗಿಸೋಣ. ಸುಮಾರು 130 ಕೋಟಿ ಕಿಲೋಮೀಟರ್ ದೂರದಿಂದ ಶನಿ ನಮ್ಮನ್ನು ಜಗ್ಗುವುದು ನಿಜ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಐದು ಮೀಟರ್ ದೂರದಲ್ಲಿ ನಿಂತ ಹತ್ತು ಟನ್ನಿನ ಬಸ್ಸು ಅದಕ್ಕಿಂತ ತುಸು ಹೆಚ್ಚೇ ಜಗ್ಗುತ್ತದೆ. ಏಳೂವರೆ ವರ್ಷದ ಶನಿಕಾಟಕ್ಕೆ ಶಾಂತಿ ಮಾಡಿಸುವವರು ಕಮಲಾಪುರದ ಬಸ್ಸಿಗೂ ಒಂದು ಕಾಯಿ ಒಡೆಯುವುದು ತರ್ಕಸಮ್ಮತ. ಗ್ರಹಗ್ರಹಗಳ ನಡುವಿನ ಜಗ್ಗಾಟ ಮಾತ್ರ ತಮಾಷೆಯದಲ್ಲ. ಯುರೇನಸ್ ಹಾದಿ ತಪ್ಪುತ್ತಿದ್ದುದನ್ನು ನೋಡಿ, ಯಾರೋ ಆಚೆಯಿಂದ ಜಗ್ಗುತ್ತಿದ್ದಾರೆಂದು ಲೆಕ್ಕ ಹಾಕಿ, 1846ರಲ್ಲಿ ನೆಪ್ಚೂನನ್ನು ಹಿಡಿದರು. ಚಂದ್ರನೂ ಭೂಮಿಯನ್ನು ಸುಮ್ಮನೆ ಸುತ್ತುತ್ತಿಲ್ಲ. ಇಬ್ಬರೂ ಸೇರಿ ಸುತ್ತುವ ಬಿಂದು ಭೂಕೇಂದ್ರದಿಂದ ಸುಮಾರು 4,670 ಕಿಲೋಮೀಟರ್ ಆಚೆಗಿದೆ. ಎದುರಾಳಿ ತೂಕಸ್ಥನಾದರೆ ಲೋಡು ಬಿಟ್ಟು ಏಳಬೇಕಾಗುತ್ತದೆಂದು ಭೂಮಿಗೂ ಗೊತ್ತಿದೆ.

ಉಳಿದದ್ದು ಪ್ರಯೋಗ. ಹೋಳಿಯಾಗಿ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಭಕ್ತರು ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಅಪ್ಪನ ಹೆಗಲೇರಿದ ಹುಡುಗನೊಬ್ಬ ಎಸೆದ ಹಣ್ಣು ತೇರಿಗೆ ಬಡಿದು, ಸಿಪ್ಪೆ ಅರ್ಧ ಬಿಚ್ಚಿ, ಮುಂದೆ ನಿಂತ ಹಿರಿಯರೊಬ್ಬರ ರುಮಾಲಿನ ಮೇಲೆ ಕೂತಿತು. ಅವರು ಕಣ್ಣಿಗೊತ್ತಿಕೊಂಡು ಅಲ್ಲೇ ತಿಂದರು. ಸಾವಿರಾರು ಹಣ್ಣು ಹೀಗೆ ಬೀಳುವಾಗ ಭೂಮಿ ಕಲಬುರಗಿಯ ದಿಕ್ಕಿಗೆ ಎದ್ದುಬರಬೇಕಲ್ಲ ಎಂದು ನಮ್ಮ ಪಕ್ಷದವರೇ ಕೆಲವರು ಹಿಗ್ಗುವುದುಂಟು. ಹಿಗ್ಗು ಸಲ್ಲದು. ಹಣ್ಣು ಮೇಲೆಸೆಯುವಾಗ ಭಕ್ತರ ಪಾದ ಭೂಮಿಯನ್ನು ಕೆಳಗೆ ಒತ್ತಿರುತ್ತದೆ. ಹಣ್ಣು ಹಾರಿ ಇಳಿಯುವ ತನಕ ಭೂಮಿಯನ್ನು ವಾಪಸು ಜಗ್ಗುತ್ತದೆ. ನೆಲ ಮುಟ್ಟಿದಾಗ ಖಾತೆ ಚುಕ್ತಾ. ಬಾಕಿ ಉಳಿಯುವುದು ತೇರಿನ ಸಂದಿಯಲ್ಲಿ ಸಿಕ್ಕಿಕೊಂಡ ಹಣ್ಣುಗಳ ಲೆಕ್ಕ. ಯಾರಾದರೂ ಮೇಲೆ ಹತ್ತಿ ಅವನ್ನು ಇಳಿಸುವವರೆಗೆ ಭೂಮಿ ಅಷ್ಟರಮಟ್ಟಿಗೆ ಕೆಳಗೇ ಇರುತ್ತದೆ.